ದ್ವಾರಕನಾಥ ಮಹಾಶಯರ ಔಷಧಿ ಮೊಸರು

"ಇನ್ನು ಮೇಲೆ ನನ್ನ ಮಗಳ ಹೊಟ್ಟೆಗೆ ಬೇಕಾದ ಬ್ಯಾಕ್ಟೀರಿಯಾ ಈ ಮನೆಯಲ್ಲೇ ತಯಾರಾಗುತ್ತೆ! ಯೂರೋಪಿನ ಪಾರ್ಸೆಲ್ಲಿಗೆ ಕಾಯ್ತಾ ಕೂರೋ ಜಾಯಮಾನ ನಂದಲ್ಲ!"

ದುಬೈಯ ಮಿರ್ದಿಫ್‌ನ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ನಿಂತು ನಾನು ಹೀಗೆ ಘೋಷಿಸುತ್ತಿದ್ದಂತೆ ತಲೆಯ ಮೇಲೆ ಒಂದು ವಿಮಾನ ಗುಡುಗುತ್ತ ಹಾದುಹೋಯಿತು. ಏರ್‌ಪೋರ್ಟಿನ ಮಗ್ಗುಲಲ್ಲಿ ಮನೆ ಮಾಡಿದವರ ಎಲ್ಲ ಐತಿಹಾಸಿಕ ಘೋಷಣೆಗಳ ಗತಿಯೂ ಇದೇ. ನನ್ನ ಹೆಂಡತಿ ಸುಮಿತ್ರಾ ಸದ್ದು ಅಡಗುವವರೆಗೆ ಕಾದು, "ಏನಂದ್ರಿ?" ಎಂದಳು. ಇನ್ನೊಮ್ಮೆ ಘೋಷಿಸಿದೆ. ಇನ್ನೊಂದು ವಿಮಾನ ಬಂತು!

ನನ್ನ ಶಪಥದ ಹಿಂದೆ ಒಂದು ಕಥೆಯಿದೆ. ನಮ್ಮ ಮಗಳು ಹಿತಾಳಿಗೆ ಒಂಬತ್ತು ವರ್ಷ. ಹಿಂದಿನ ವರ್ಷ ಅವಳಿಗೆ ಅಲ್ಸರೇಟಿವ್ ಕೊಲೈಟಿಸ್ ಎಂಬ ಕಾಯಿಲೆ ಬಂತು. ದೊಡ್ಡ ಕರುಳಿನ ಒಳಗೋಡೆಗೆ ಉರಿಯೂತ. ಹೊಟ್ಟೆನೋವು, ರಕ್ತ, ಬಾತ್‌ರೂಮಿಗೆ ಓಟ. ಮಗು ಕಡ್ಡಿಯಾಗಿಬಿಟ್ಟಳು. ಒಂದು ದಿನ ಶಾಲೆಯ ಬಸ್ಸನ್ನು ನಡುದಾರಿಯಲ್ಲಿ ನಿಲ್ಲಿಸಿ ಎಂದು ಅತ್ತಳಂತೆ. ನಿಲ್ಲಿಸುವ ಜಾಗ ಸಿಗುವಷ್ಟರಲ್ಲಿ ತಡವಾಗಿತ್ತು. ಬಸ್ಸಿನ ಮಕ್ಕಳು ನಕ್ಕರು. ಅಂದಿನಿಂದ ಅವಳು ಬಸ್ಸು ಹತ್ತಲಿಲ್ಲ. ನಾನೇ ಕಾರಿನಲ್ಲಿ ಕರೆದೊಯ್ಯುತ್ತಿದ್ದೆ. ದಾರಿಯ ಪ್ರತಿ ಪೆಟ್ರೋಲ್ ಬಂಕಿನ ಬಾತ್‌ರೂಮೂ ನಮಗೆ ನೆಂಟರ ಮನೆಯಷ್ಟು ಪರಿಚಯವಾಗಿತ್ತು.

ಅಬುಧಾಬಿಯಲ್ಲಿ ಮಕ್ಕಳ ಕರುಳಿನ ತಜ್ಞೆ ಡಾಕ್ಟರ್ ಝುಲೈಖ ಸಿಕ್ಕಿದ್ದು ನಮ್ಮ ಪುಣ್ಯ. ಮಂಗಳೂರಿನವರು. ಅವರ ಮಾತ್ರೆಗಳಿಂದ ಹಿತಾ ಚೇತರಿಸಿಕೊಂಡಳು. ಆಮೇಲೆ ಅವರು ಪುಡಿಯ ಪೊಟ್ಟಣಗಳ ಒಂದು ಪೆಟ್ಟಿಗೆ ಕೈಗಿಟ್ಟರು.

"ಇದು ಪ್ರೊಬಯಾಟಿಕ್. ಒಳ್ಳೆಯ ಬ್ಯಾಕ್ಟೀರಿಯಾ, ಜೀವ ಉಂಟು ಇದರಲ್ಲಿ. ಫ್ರಿಜ್ಜಲ್ಲೇ ಇಡ್ಬೇಕು. ತಣ್ಣಗಿನದರಲ್ಲಿ ಕಲಸಿ ದಿನಾ ಕೊಡಿ. ಹಾಗಂತ ಮಾತ್ರೆ ನಿಲ್ಲಿಸ್ಲಿಕ್ಕಿಲ್ಲ ಮಾರಾಯ್ರೆ! ಕೆಲಸ ಮಾಡುದು ಮಾತ್ರೆ, ಇದು ಅದಕ್ಕೆ ಜೊತೆ ಅಷ್ಟೆ. ಕೆಲವು ಮಕ್ಕಳಿಗೆ ಒಳ್ಳೆ ಉಪಕಾರ ಆಗಿದೆ, ನೋಡುವ."

"ಬಸ್?" ಎಂದಳು ಹಿತಾ.

"ಸೆಪ್ಟೆಂಬರಿನಲ್ಲಿ ಶಾಲೆ ಶುರುವಾಗುವ ಮೊದಲು ಇನ್ನೊಮ್ಮೆ ಟೆಸ್ಟ್ ಮಾಡುವ. ಚೆನ್ನಾಗಿದ್ರೆ ಬಸ್ಸಿಗೆ ನನ್ನ ಅಡ್ಡಿ ಇಲ್ಲ."

ಮಗು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮನೆಗೆ ಬಂದವಳೇ ಹಳದಿ ಬಸ್ಸಿನ ಚಿತ್ರ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಕಿಟಕಿಯಲ್ಲಿ ಎರಡು ಜಡೆಯ ಒಂದು ತಲೆ. ಆ ಚಿತ್ರವನ್ನು ದಿನಾ ನೋಡಿ ನೋಡಿ ನನ್ನೊಳಗಿನ ತಂದೆ ಕೆರಳಿದ. ಅಷ್ಟರಲ್ಲಿ ಪೊಟ್ಟಣದ ಪೆಟ್ಟಿಗೆ ಅರ್ಧಕ್ಕೆ ಇಳಿಯಿತು. ಅದನ್ನು ಯೂರೋಪಿನಿಂದ ತರಿಸುವ ಔಷಧಿ ಅಂಗಡಿಗೆ ಫೋನ್ ಮಾಡಿದರೆ, "ಸ್ಟಾಕ್ ಮಾಫಿ, ಇಲ್ಲ! ನೆಕ್ಸ್ಟ್ ವೀಕ್, ಇನ್ಶಾ ಅಲ್ಲಾ!" ಎಂಬ ಉತ್ತರ ಬಂತು. ಮುಂದಿನ ವಾರವೂ ಅದೇ ಉತ್ತರ.

ಆಗ ನನಗೆ ಜ್ಞಾನೋದಯವಾಯಿತು. ಜೀವವಿರುವ ಬ್ಯಾಕ್ಟೀರಿಯಾ ಎಂದರೇನು? ಹೆಪ್ಪು! ಮೈಸೂರಿನಲ್ಲಿ ನನ್ನಜ್ಜಿ ಒಂದು ಚಮಚ ಮೊಸರಿನಿಂದ ಇಡೀ ವಠಾರಕ್ಕೆ ಮೊಸರು ಮಾಡಿದವಳು. ಒಂದು ಪೊಟ್ಟಣವನ್ನು ಹಾಲಿಗೆ ಹಾಕಿದರೆ ಔಷಧಿ ಮೊಸರು. ಅದರಿಂದ ಒಂದು ಚಮಚ ತೆಗೆದರೆ ನಾಳೆಯ ಔಷಧಿ ಮೊಸರು. ವಂಶ ಬೆಳೆಯುತ್ತದೆ! ಪಾರ್ಸೆಲ್ ಏಕೆ? ಅಂಗಡಿಯವನ ಇನ್ಶಾ ಅಲ್ಲಾ ಏಕೆ?

"ಡಾಕ್ಟ್ರನ್ನ ಒಂದ್ಮಾತು ಕೇಳ್ರೀ," ಎಂದಳು ಸುಮಿತ್ರಾ.

"ಕೇಳೋದೇನು ಬಂತು? ನೇರವಾಗಿ ರಿಸಲ್ಟ್ ತೋರಿಸೋಣ! ಪ್ಯಾಕೆಟ್ ಕೊಡೋದು ಇವತ್ತಿಗೆ ಖಲಾಸ್. ನಾಳೆಯಿಂದ ನನ್ನ ಮೊಸರು!"

"ಹೂಂ, ಆಯ್ತು."

ಹದಿಮೂರು ವರ್ಷ ಸಂಸಾರ ಮಾಡಿದವನಿಗೆ, ಹೆಂಡತಿ ವಾದ ಮಾಡದೆ 'ಆಯ್ತು' ಎಂದರೆ ಏನರ್ಥವೆಂದು ತಿಳಿದಿರಬೇಕಿತ್ತು. ತಿಳಿಯಲಿಲ್ಲ.

ರಜೆಯ ಶುಕ್ರವಾರ ಸುಮಿತ್ರಾ ಎದುರು ಫ್ಲ್ಯಾಟಿನ ವಾರಿಜಾಕ್ಷಿಯವರ ಮನೆಗೆ ಹೋದ ಸಮಯ ನೋಡಿ ಪ್ರಯೋಗಕ್ಕೆ ಇಳಿದೆ. ವಾರಿಜಾಕ್ಷಿ ಉಡುಪಿ ಕಡೆಯವರು. ಗಂಡ ಚನಿಯಣ್ಣ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಇಬ್ಬರೂ ನಮಗೆ ಮನೆಯವರಂತೆಯೇ. ಹಾಲು ಉಕ್ಕಿ ಬಂತು, ಇಳಿಸಿದೆ. ಅಷ್ಟರಲ್ಲಿ ಆಫೀಸಿನಿಂದ ಫೋನು. ಅಂದು ನಮ್ಮ ಹೊಸ ಸಾಫ್ಟ್‌ವೇರ್ ಚಾಲೂ ಆಗುವ ದಿನ. ರಜೆಯಾದರೂ ಆಫೀಸಿನವರೆಲ್ಲ ಹಾಜರಿದ್ದರು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಪೊಟ್ಟಣ ಹರಿದು ಹಾಲಿಗೆ ಸುರಿದು ತಿರುಗಿಸಿದೆ.

ಹಿತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅಪ್ಪಾ, ಇಟ್ಸ್ ಸ್ಟಿಲ್ ಸ್ಟೀಮಿಂಗ್!"

"ಬೆಚ್ಚಗಿರಲಿ ಪುಟ್ಟಿ. ಕೋಟ್ಯಂತರ ಜೀವಗಳು. ಇಷ್ಟು ದಿನ ಫ್ರಿಜ್ಜಲ್ಲಿ ಚಳಿಗೆ ನಡುಗಿವೆ."

"ಬಟ್ ಅಪ್ಪಾ, ಸ್ಕೂಲಲ್ಲಿ ನಾವು ಯೀಸ್ಟ್ ಮಾಡಿದಾಗ ಮಿಸ್ ಹೇಳಿದ್ರು..."

"ಯೀಸ್ಟ್ ಬೇರೆ, ಹೆಪ್ಪು ಬೇರೆ. ನಿಮ್ಮ ಮಿಸ್‌ಗೆ ಮೊಸರಿನ ವಿಚಾರ ಏನು ಗೊತ್ತು?"

ಮುಂದಿನ ಸಮಸ್ಯೆ ಜಾಗದ್ದು. ಮೊಸರಿಗೆ ಬೆಚ್ಚಗಿನ ಮೂಲೆ ಬೇಕು. ಜುಲೈ ತಿಂಗಳ ದುಬೈಯಲ್ಲಿ ಮನೆಯೊಳಗೆ ಏಸಿಯ ಊಟಿ, ಹೊರಗೆ ಕುಲುಮೆ! ನಡುವಿನ ಹವೆ ಇಡೀ ದೇಶದಲ್ಲಿ ಎಲ್ಲೂ ಇಲ್ಲ. ಕಡೆಗೆ ನನ್ನ ಮದುವೆಯ ಸೂಟನ್ನು ಪಾತ್ರೆಗೆ ತೊಡಿಸಿ, ಅದರ ಮೇಲೆ ಹಿತಾಳ ಹಳೆಯ ಗುಲಾಬಿ ಟವೆಲ್ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಚೆಲ್ಲದಂತೆ ಸೀಟ್ ಬೆಲ್ಟ್ ಬಿಗಿದೆ. ಮಗಳನ್ನು ಎದುರು ಮನೆಗೆ ದಾಟಿಸಿ, ಜುಮೇರಾ ಲೇಕ್ ಟವರ್ಸ್‌ನ ಆಫೀಸಿನತ್ತ ಹೊರಟೆ. ಶೇಖ್ ಝಾಯೆದ್ ರಸ್ತೆಯಲ್ಲಿ ಜನ್ಮದಲ್ಲಿ ಮೊದಲ ಬಾರಿಗೆ ಅಷ್ಟು ನಿಧಾನವಾಗಿ ಓಡಿಸಿದೆ. ಹಿಂದಿನವರು ಹಾರ್ನ್ ಹೊಡೆದು ಹೊಡೆದು ದಣಿದರು.

ಆಫೀಸಿನ ಕೆಲಸ ಇನ್ನೂ ಶುರುವಾಗಿರಲಿಲ್ಲ. ನಮ್ಮ ಅಡ್ಮಿನ್, ಮಂಗಳೂರು ಕಡೆಯ ಪ್ಯಾಟ್ರಿಶಿಯಾ ಏದುಸಿರು ಬಿಡುತ್ತ ಬಂದರು.

"ದ್ವಾರಕನಾಥ್ ಸರ್! ನಿಮ್ಮ ಕಾರಲ್ಲಿ ಮಗು ಉಂಟಂತೆ! ಸೀಟಲ್ಲಿ ಕಟ್ಟಿ ಹಾಕಿದ್ದೀರಂತೆ! ಈ ಬಿಸಿಲಲ್ಲಿ! ಸೆಕ್ಯುರಿಟಿಯವರು ಗ್ಲಾಸ್ ಒಡೀತಾರಂತೆ!"

ಓಡಿದೆ. ಇಡೀ ಆಫೀಸೂ ನನ್ನ ಹಿಂದೆ ಓಡಿತು. ಸೆಕ್ಯುರಿಟಿಯವನು ಸುತ್ತಿಗೆ ಎತ್ತಿ ನಿಂತಿದ್ದ. ಸುತ್ತಲೂ ಅಕ್ಕಪಕ್ಕದ ಟವರಿನ ಜನ, "ಹರಾಮ್, ಹರಾಮ್!" ಎಂದು ಒಂದೇ ಸಮನೆ ಗೊಣಗುತ್ತಿದ್ದರು. ಬಾಗಿಲು ತೆರೆದು ಗುಲಾಬಿ ಟವೆಲ್ ಬಿಚ್ಚಿದೆ, ಮದುವೆಯ ಸೂಟು ಬಿಚ್ಚಿದೆ, ಮುಚ್ಚಳ ತೆಗೆದೆ.

ಪ್ಯಾಟ್ರಿಶಿಯಾ ಬಗ್ಗಿ ನೋಡಿದರು. "ಹಾಲಾ?"

"ಹಾಲಲ್ಲ, ಔಷಧಿ!" ಎಂದೆ, ಇದ್ದಬದ್ದ ಗಾಂಭೀರ್ಯವನ್ನೆಲ್ಲ ಒಟ್ಟುಮಾಡಿ.

"ಸೀಟ್ ಬೆಲ್ಟ್ ಯಾಕೆ?"

"ಸೇಫ್ಟಿ ಫಸ್ಟ್!"

ಆ ದಿನ ಸಾಫ್ಟ್‌ವೇರ್ ಚಾಲೂ ಆದದ್ದು ಯಾರಿಗೂ ನೆನಪಿಲ್ಲ. ಮುಂದಿನ ಎರಡು ತಿಂಗಳು ಲಿಫ್ಟಿನಲ್ಲಿ ಸಿಕ್ಕವರೆಲ್ಲ "ಹೌ ಈಸ್ ದ ಬೇಬಿ?" ಎಂದು ಕೇಳುತ್ತಿದ್ದರು.

ಸಂಜೆ ಪಾತ್ರೆಯನ್ನು ಮನೆಗೆ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಒಂಥರಾ ವಾಸನೆ ಬರುತ್ತಿತ್ತು. ವಿಜ್ಞಾನವೆಂದಮೇಲೆ ವಾಸನೆ ಇದ್ದೇ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಬೆಳಿಗ್ಗೆ ಎದ್ದು ಹೆದರುತ್ತ ಮುಚ್ಚಳ ಸರಿಸಿದರೆ ಏನದು! ಮಲ್ಲಿಗೆ ಬಿಳುಪು! ಚಮಚ ನೆಟ್ಟರೆ ಬೀಳದ ಗಟ್ಟಿ ಮೊಸರು! ಒಂದಿಷ್ಟೂ ವಾಸನೆಯಿಲ್ಲ! ಬಾಯಲ್ಲಿಟ್ಟರೆ ನಮ್ಮಜ್ಜಿ ನೆನಪಾದಳು.

"ಸುಮೀ! ಬಾರೇ ಇಲ್ಲಿ! ನೋಡು ನಿನ್ನ ಗಂಡನ ಕೈಗುಣ!"

ಸುಮಿತ್ರಾ ಬಂದು ನೋಡಿ, "ಪರವಾಗಿಲ್ವೇ!" ಎಂದಳು. ಹಿತಾ ಯಾಕೋ ಕೆಮ್ಮುತ್ತ ಹೊರಗೆ ಓಡಿದಳು.

"ಇನ್ನು ಆ ಪ್ಯಾಕೆಟ್ ಪೆಟ್ಟಿಗೆ ಮುಟ್ಟೋ ಅಗತ್ಯ ಇಲ್ಲ ತಾನೇ ನಿಮಗೆ?" ಎಂದು ಸುಮಿತ್ರಾ ಕೇಳಿದಳು.

"ಯಾಕೆ ಮುಟ್ಟಲಿ? ನನ್ನ ಮೊಸರು ಚಿರಂಜೀವಿ!"

"ಹಾಗಾದ್ರೆ ಸರಿ," ಎಂದು ನಿಟ್ಟುಸಿರುಬಿಟ್ಟಳು. ಅದು ಮೆಚ್ಚುಗೆಯ ನಿಟ್ಟುಸಿರು ಎಂದೇ ನಾನು ತಿಳಿದೆ.

ಆಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಹಿತಾ ಮಧ್ಯಾಹ್ನ ಮೊಸರನ್ನ ಕಲಸಿ ತಿನ್ನುವಾಗ ಎದುರು ಕೂತು ಪ್ರತಿ ತುತ್ತಿಗೂ ವ್ಯಾಖ್ಯಾನ ಕೊಟ್ಟೆ. ದಿನ ಕಳೆದಂತೆ ಅವಳ ಕೆನ್ನೆ ತುಂಬಿತು. ಬಾತ್‌ರೂಮಿಗೆ ಓಟ ನಿಂತಿತು. ಬೇಸಿಗೆ ರಜೆಯಲ್ಲಿ ವಾರಿಜಾಕ್ಷಿಯವರ ಮಗಳು ನಿಖಿತಾಳ ಜೊತೆ ಕಟ್ಟಡದ ಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದು ಗಲಾಟೆ ಮಾಡಿ, ಕಾವಲುಗಾರನಿಂದ ಬೈಸಿಕೊಂಡಳು. ಆ ಬೈಗುಳ ಕೇಳಿ ನನಗೂ ಸುಮಿತ್ರಾಗೂ ಆದ ಸಂತೋಷ ಹೇಳತೀರದು. ಎಲ್ಲ ನನ್ನ ಮೊಸರಿನ ಮಹಿಮೆ!

ಹೆಪ್ಪು ಕೇಳಿದವರಿಗೆ ಇಲ್ಲವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ಕೇಳದವರಿಗೂ ಕೊಟ್ಟೆ. ಮೊದಲು ಒಯ್ದವರು ವಾರಿಜಾಕ್ಷಿ. "ಲಾಯ್ಕ ಉಂಟು ದ್ವಾರಕಣ್ಣಾ! ನನ್ನ ಹೆಪ್ಪು ಊರಿಂದ ನಮ್ಮತ್ತೆ ಕೊಟ್ಟದ್ದು. ಆದ್ರೂ ಅದನ್ನು ಬಿಸಾಡಿ ನಿಮ್ಮದೇ ಇಟ್ಕೊಳ್ತೇನೆ. ಮದ್ದಿನ ಮೊಸರಲ್ವಾ!" ಎಂದರು. ಚನಿಯಣ್ಣ ಅದನ್ನು ತಮ್ಮ ಕಾರ್ಖಾನೆಯ ಮೆಸ್ಸಿಗೆ ಒಯ್ದರು. ಅಲ್ಲಿಂದ ಶಾರ್ಜಾಕ್ಕೆ ಹೋಯಿತು. ಅಜ್ಮಾನಿನಿಂದ ಯಾರೋ ಫೋನ್ ಮಾಡಿ, "ದ್ವಾರಕನಾಥ ಮೊಸರು ಅಂದ್ರೆ ನೀವೇನಾ?" ಎಂದರು. ಕನ್ನಡ ಸಂಘದ ಊಟದಲ್ಲಿ ಜನ ಮೊಸರನ್ನಕ್ಕೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ಎದ್ದುನಿಂತು, ದೊಡ್ಡ ಕರುಳು, ಸಣ್ಣ ಕರುಳು, ಅವುಗಳೊಳಗಿನ ಸಕಲ ವಿದ್ಯಮಾನಗಳ ಬಗ್ಗೆ ಭಾಷಣ ಮಾಡಿದೆ. ಕೆಲವರು ಎಲೆ ಮಡಚಿ ಎದ್ದರು. ವಿಷಯ ಅರಗಿಸಿಕೊಳ್ಳಲು ಏಕಾಂತ ಬೇಕಾಗಿರಬೇಕು.

ಆಗಸ್ಟ್ ಕೊನೆಗೆ ಅಬುಧಾಬಿಗೆ ಹೊರಟೆವು. ಟೆಸ್ಟುಗಳು ಹಿಂದಿನ ವಾರವೇ ಮುಗಿದಿದ್ದವು. ಅಂದು ರಿಪೋರ್ಟು, ಅಂದೇ ಬಸ್ಸಿನ ತೀರ್ಪು. ಡಾಕ್ಟರಿಗೆ ತೋರಿಸಲೆಂದು ನಾನು ದೊಡ್ಡ ಉಪ್ಪಿನಕಾಯಿ ಜಾಡಿಯ ತುಂಬ ಮೊಸರು ತುಂಬಿ, ಗಾಳಿಯಾಡದಂತೆ ಮುಚ್ಚಳ ಬಿಗಿದು ಡಿಕ್ಕಿಯಲ್ಲಿಟ್ಟಿದ್ದೆ. ಹೊರಗೆ ಕೆಂಡದಂಥ ಬಿಸಿಲು. ಜಾಡಿಯೊಳಗೆ ಏನು ನಡೆಯುತ್ತಿದೆಯೆಂದು ನನಗೆ ಹೇಗೆ ಗೊತ್ತಾಗಬೇಕು?

ಡಾಕ್ಟರ್ ಝುಲೈಖ ರಿಪೋರ್ಟಿನ ಕವರಿಗೆ ಕೈ ಹಾಕಿದ್ದೇ ತಡ, ನಾನು ಎದ್ದು ನಿಂತೆ.

"ಒಂದು ನಿಮಿಷ ಡಾಕ್ಟ್ರೇ! ಅದನ್ನು ತೆರೆಯೋ ಮೊದಲು, ಅದರ ಹಿಂದಿನ ಶಕ್ತಿಯನ್ನು ನೋಡಿ!"

ಜಾಡಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತಿರುಗಿಸಿದೆ.

ಢಮಾರ್!

ಮುಚ್ಚಳ ಸೂರಿಗೆ ಬಡಿಯಿತು. ನನ್ನ ಮುಖಕ್ಕೆ, ಕನ್ನಡಕಕ್ಕೆ, ಕೋಟಿಗೆ ಮೊಸರಿನ ಅಭಿಷೇಕವಾಯಿತು. ಉಳಿದದ್ದು ಗೋಡೆಯಲ್ಲಿ ತೂಗುಹಾಕಿದ್ದ ದೊಡ್ಡ ಕರುಳಿನ ಬಣ್ಣದ ಚಿತ್ರದ ಮೇಲೆ ಬಿದ್ದು, ನಿಧಾನವಾಗಿ ಕೆಳಗಿಳಿಯಿತು. ನನ್ನ ಮೊಸರು ಖಚಿತವಾಗಿ ಕರುಳನ್ನು ತಲುಪಿದ್ದಕ್ಕೆ ಸಾಕ್ಷಿ ಸಿಕ್ಕಿದ್ದು ಅದೊಂದು ಸಲ ಮಾತ್ರ!

"ಎಂತ ಮಾರಾಯ್ರೆ ಇದು! ಬಾಂಬಾ?" ಡಾಕ್ಟರ್ ಮೇಜಿನ ಹಿಂದಿನಿಂದ ತಲೆಯೆತ್ತಿದರು.

ಕನ್ನಡಕ ಒರೆಸಿಕೊಳ್ಳುತ್ತ ಎಲ್ಲ ಹೇಳಿದೆ. ಪೊಟ್ಟಣ, ಹಾಲು, ವಂಶಾಭಿವೃದ್ಧಿ, ಅಜ್ಮಾನಿನ ಫೋನು. ಹೇಳುತ್ತ ಹೋದಂತೆ ಡಾಕ್ಟರ ಮುಖದ ನಗು ಮಾಯವಾಗುತ್ತಿತ್ತು.

"ಅಂದ್ರೆ ಪ್ಯಾಕೆಟ್ ನಿಲ್ಲಿಸಿದಿರಾ? ಮಾತ್ರೆ?"

"ಮಾತ್ರೆ ಕೊಡ್ತಿದ್ದೀವಿ. ಪ್ಯಾಕೆಟ್ ಮಾತ್ರ..."

"ಮನೆಯ ಮೊಸರಲ್ಲಿ ಯಾವ ಬ್ಯಾಕ್ಟೀರಿಯಾ ಉಂಟು, ಎಷ್ಟು ಉಂಟು, ನಿಮಗೆ ಗೊತ್ತುಂಟಾ? ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಮದ್ದು ಅಂತ ಮಕ್ಕಳಿಗೆ ಕೊಡುದಿಲ್ಲ. ಮೊಸರು ಊಟಕ್ಕೆ ಒಳ್ಳೇದು, ಬೇಡ ಅಂದವರ್ಯಾರು? ಆದ್ರೆ ಕಷ್ಟಪಟ್ಟು ತಹಬಂದಿಗೆ ತಂದ ಕಾಯಿಲೆ ಇದು. ಅದರ ಹತ್ರ ಆಟ ಆಡ್ತಾರಾ?"

ಮೊಸರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳುವುದೂ ಮರೆತುಹೋಯಿತು. ಹಿತಾಳ ಕಡೆ ತಿರುಗಲು ಧೈರ್ಯ ಬರಲಿಲ್ಲ. ಆ ಹಳದಿ ಬಸ್ಸು, ಕಿಟಕಿಯಲ್ಲಿನ ಎರಡು ಜಡೆ. ನನ್ನ ಜಂಬಕ್ಕಾಗಿ ಮಗುವಿನ ಆಸೆಯನ್ನೇ ನೀರುಪಾಲು ಮಾಡಿಬಿಟ್ಟೆನೇ? ನಿಜವಾಗಿ ಹೆದರಿದೆ.

"ಒಂದು ದಿನಾನೂ ನಿಲ್ಸಿಲ್ಲ ಡಾಕ್ಟ್ರೇ," ಎಂದಳು ಸುಮಿತ್ರಾ.

"ಏನು?" ಎಂದೆವು ನಾನೂ ಡಾಕ್ಟರೂ ಒಟ್ಟಿಗೆ.

"ಪೆಟ್ಟಿಗೇನ ತರಕಾರಿ ಟ್ರೇನಲ್ಲಿ ಕೊತ್ತಂಬರಿ ಸೊಪ್ಪಿನ ಹಿಂದೆ ಬಚ್ಚಿಟ್ಟಿದ್ದೆ. ಇವರು ಆ ಕಡೆ ತಲೆ ಹಾಕೋರಲ್ಲ. ದಿನಾ ಬೆಳಿಗ್ಗೆ ತಣ್ಣಗಿನ ಮಾವಿನ ಜ್ಯೂಸಲ್ಲಿ ಕಲಸಿ ಕೊಟ್ಟಿದ್ದೀನಿ."

"ಅಪ್ಪ ಥಾಟ್ ಇಟ್ ವಾಸ್ ಜಸ್ಟ್ ಜ್ಯೂಸ್," ಎಂದಳು ಹಿತಾ.

"ಸ್ಟಾಕ್ ಇರ್ಲಿಲ್ವಲ್ಲ?" ಎಂದೆ ನಾನು ಕ್ಷೀಣವಾಗಿ.

"ಚನಿಯಣ್ಣ ಪ್ರತಿ ವಾರ ಕೆಲಸದ ಮೇಲೆ ಅಬುಧಾಬಿಗೆ ಬರ್ತಾರಲ್ಲ, ಇಲ್ಲಿನ ಅಂಗಡೀಲಿ ಸ್ಟಾಕ್ ಬಂದ ದಿನವೇ ಐಸ್ ಪೆಟ್ಟಿಗೆಯಲ್ಲಿಟ್ಟು ತಂದುಕೊಟ್ರು."

"ಚನಿಯಣ್ಣನ ಐಸ್ ಪೆಟ್ಟಿಗೆ? ಬಂಗುಡೆ ಮೀನು ತರೋ ಪೆಟ್ಟಿಗೆ?"

"ತೊಳೆದಿದ್ರು ರೀ!"

ಡಾಕ್ಟರ್ ಝುಲೈಖ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಂಗುಡೆ ಹಾಳಾಗದೆ ಬರುವ ಪೆಟ್ಟಿಗೆ ಅಂದ್ರೆ ಅದಕ್ಕಿಂತ ಒಳ್ಳೆ ವ್ಯವಸ್ಥೆ ಬೇರೆ ಬೇಕಾ ಮಾರಾಯ್ರೆ?" ಎನ್ನುತ್ತ ಮೊಸರು ಮೆತ್ತಿದ್ದ ಕವರು ತೆರೆದರು. ಓದಿದರು. ಮತ್ತೊಮ್ಮೆ ಓದಿದರು.

"ರಕ್ತ ಚೆನ್ನಾಗಿದೆ, ತೂಕ ಚೆನ್ನಾಗಿದೆ. ಉರಿಯೂತ ಶಾಂತ ಉಂಟು. ಮಾತ್ರೆ, ಪುಡಿ ಎರಡೂ ಹೀಗೇ ಮುಂದುವರಿಸಿ. ಹಿತಾ, ಬಸ್ಸಿಗೆ ಹೋಗು ಮಗಾ."

ಹಿತಾ ಕಿರುಚಲಿಲ್ಲ, ಕುಣಿಯಲಿಲ್ಲ. "ವಿಂಡೋ ಸೀಟ್?" ಎಂದು ಮಾತ್ರ ಕೇಳಿದಳು.

"ವಿಂಡೋ ಸೀಟೇ!"

ನನ್ನ ಕಣ್ಣಲ್ಲಿ ನೀರು ಬಂತು. ಕಣ್ಣಿಗೆ ಮೊಸರು ಹೋಗಿದೆ ಎಂದೆ. ಯಾರೂ ನಂಬಲಿಲ್ಲ. ಸುಮಿತ್ರಾ ಸೆರಗಿನಿಂದ ನನ್ನ ಮುಖ ಒರೆಸಿದಳು.

ವಾಪಸು ಬರುವಾಗ ದಾರಿಯಲ್ಲಿ ನನ್ನ ಗರ್ವ ಮೆಲ್ಲಗೆ ತಲೆಯೆತ್ತಿತು. "ಔಷಧಿ ನಿನ್ನದೇ ಇರಬಹುದು ಸುಮಿ. ಆದರೆ ಅಷ್ಟು ಗಟ್ಟಿ ಮೊಸರು ಮಾಡಿದ್ದು ನಾನೇ ತಾನೇ? ದುಬೈ, ಶಾರ್ಜಾ, ಅಜ್ಮಾನ್ ಎಲ್ಲ ಒಪ್ಪಿಕೊಂಡಿದೆ!"

ಸುಮಿತ್ರಾ ಕಿಟಕಿಯ ಹೊರಗೆ ಮರಳು ನೋಡತೊಡಗಿದಳು. ಅಷ್ಟೊತ್ತು ನೋಡುವಂಥದ್ದು ಆ ಮರಳಿನಲ್ಲಿ ಏನೂ ಇರಲಿಲ್ಲ.

ಶಾಲೆ ಶುರುವಾದ ಬೆಳಿಗ್ಗೆ ನಾವೆಲ್ಲ ಕೆಳಗೆ ಬಂದು ನಿಂತೆವು. ಹಿತಾ, ನಿಖಿತಾ ಹೊಸ ಬ್ಯಾಗು ಹೊತ್ತು ಸಿದ್ಧರಾಗಿದ್ದರು. ವಾರಿಜಾಕ್ಷಿಯವರ ಕೈಯಲ್ಲಿ ಒಂದು ಸ್ಟೀಲ್ ಬಟ್ಟಲು. ಹಳದಿ ಬಸ್ಸು ತಿರುವಿನಲ್ಲಿ ಕಾಣಿಸಿತು. ಹಿತಾ ಒಂದು ಕ್ಷಣ ನನ್ನ ಬೆರಳು ಹಿಡಿದಳು. ಹಿಡಿದದ್ದಕ್ಕಿಂತ ಬೇಗ ಬಿಟ್ಟಳು. ಬಿಟ್ಟು ತಾನೇ ಹತ್ತಿದಳು! ಹಿಂದಿನ ವರ್ಷ ನಕ್ಕ ಮಕ್ಕಳ ನಡುವೆ ನೇರವಾಗಿ ನಡೆದು, ಕಿಟಕಿಯ ಪಕ್ಕ ಕೂತಳು. ಫ್ರಿಜ್ಜಿನ ಬಾಗಿಲ ಮೇಲಿದ್ದ ಚಿತ್ರವೇ ನನ್ನ ಕಣ್ಣ ಮುಂದಿತ್ತು. ಜಗತ್ತನ್ನೇ ಗೆದ್ದಷ್ಟು ಸಂತೋಷವಾಯಿತು ನನಗೆ!

"ದ್ವಾರಕಣ್ಣಾ, ಒಂದು ಚಮಚ ಹೆಪ್ಪು ಬೇಕಿತ್ತು," ಎಂದು ವಾರಿಜಾಕ್ಷಿ ಬಟ್ಟಲು ಚಾಚಿದರು. "ನಿನ್ನೆ ಎಲ್ಲ ಮೊಸರೂ ಖಾಲಿಯಾಯ್ತು. ನಿಮ್ಮ ಕೈಗುಣ ನನಗೆಲ್ಲಿ ಬರ್ಬೇಕು!"

ಅಂಥ ದಿನ ಅಂಥ ಮಾತು ಬಂದರೆ ಯಾರು ಸುಮ್ಮನಿರುತ್ತಾರೆ? ಎದೆ ಉಬ್ಬಿಸಿ, "ನೋಡಿ ವಾರಿಜಾಕ್ಷಮ್ಮ, ಹೆಪ್ಪು ಹಾಕುವುದು ಒಂದು ಶಾಸ್ತ್ರ..." ಎಂದು ಪ್ರಾರಂಭಿಸಿದೆ.

ಕಿಟಕಿಯ ಗಾಜು ಸರಿಯಿತು. ಹಿತಾಳ ತಲೆ ಹೊರಬಂತು.

"ಅಪ್ಪಾ, ಸ್ಟಾಪ್! ನೀನು ಬಿಸಿ ಹಾಲಲ್ಲಿ ಬ್ಯಾಕ್ಟೀರಿಯಾನೆಲ್ಲ ಕುಕ್ ಮಾಡ್ದೆ! ಇಟ್ ವಾಸ್ ಸ್ಮೆಲ್ಲಿ ಮಿಲ್ಕ್! ಮೊಸರಾಗ್ಲಿಲ್ಲ ಅಂದ್ರೆ ನೀನು ಇನ್ನೊಂದು ಪ್ಯಾಕೆಟ್ ಹರೀತೀಯ ಅಂತ ಅಮ್ಮ ಅದನ್ನ ಚೆಲ್ಲಿ, ವಾರಿಜಾಕ್ಷಿ ಆಂಟಿ ಹತ್ರ ಹೆಪ್ಪು ತಂದು ಹಾಕಿದ್ದು! ಬೈ ಅಪ್ಪಾ!"

ಬಸ್ಸು ಹೊರಟಿತು. ಎರಡು ಜಡೆಗಳು ತಿರುವಿನಲ್ಲಿ ಮರೆಯಾಗುವವರೆಗೂ ನಾನು ಕೈಬೀಸಿದೆ. ಬೇರೆ ಯಾವ ಕಡೆಗೂ ತಿರುಗುವ ಧೈರ್ಯವಿರಲಿಲ್ಲ. ಸುಮಿತ್ರಾ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ವಾರಿಜಾಕ್ಷಿ ಖಾಲಿ ಬಟ್ಟಲನ್ನೂ ನನ್ನನ್ನೂ ಬಹಳ ಹೊತ್ತು ನೋಡಿದರು.

"ಅಲ್ಲ ದ್ವಾರಕಣ್ಣಾ, ನನ್ನ ಅತ್ತೆಯ ಹೆಪ್ಪನ್ನು ನನಗೇ ಕೊಡ್ಲಿಕ್ಕೆ ಎರಡು ತಿಂಗಳು ಭಾಷಣ ಮಾಡಿದ್ದಾ ನೀವು?"